ವೈಶಾಖದಲ್ಲಿ ಕೇಳಿದ ಕ್ಷಮೆ

ಅಧ್ಯಕ್ಷರಾದ ಕಾಕಾಸಾಹೇಬರೇ, ಇಂದು ನಮ್ಮ ಜುಗೂಳದವರು ಶಾಲು ಹೊದಿಸಿದ ಡಾಕ್ಟರ್ ಜಾವೇದ ಅವರೇ, ಜಾಗ ಸಿಗದೆ ಬಾಗಿಲಲ್ಲಿ ನಿಂತ ಸಭಿಕರೇ,

ನಾನು ಭೂಪಾಲ. ಏಳನೆಯ ಇಯತ್ತೆ ಅರ್ಧಕ್ಕೆ ಬಿಟ್ಟವನು, ತಪ್ಪಿದರೆ ತಿದ್ದಿಕೊಳ್ಳಿ. ನೀನೂ ಮಾತಾಡಬೇಕು ಎಂದು ಇವರು ಹೇಳಿದ ದಿನದಿಂದ ಊಟ ಸೇರಿಲ್ಲ. ಈ ಮೈಕಿನ ವೈರು ಎರಡು ಸಲ ನೋಡಿದ್ದೇನೆ, ಶಾಕ್ ಹೊಡೆದರೆ ಯಾರು ಹೊಣೆ?

ಹೋದ ವರ್ಷ ವೈಶಾಖದಲ್ಲಿ ನನ್ನ ಹೆಂಡತಿ ಕಮಲಾಬಾಯಿಯ ಲಿವರಿನಲ್ಲಿ ದೊಡ್ಡ ಕ್ಯಾನ್ಸರ್ ಗಡ್ಡೆ ಕಂಡಿತು. ಅವಳನ್ನು ಹೊರಗೆ ಕೂಡಿಸಿ ನಾನೊಬ್ಬನೇ ಈ ಡಾಕ್ಟರರ ಕೋಣೆಗೆ ಹೋದೆ. “ಆಕಿಗೆ ಹೇಳಬ್ಯಾಡ್ರಿ” ಎಂದೆ. ಡಾಕ್ಟರು, “ಹೊಟ್ಟಿ ಅವರದ ಐತ್ರಿ, ಕಾಕಾ. ನಾಳೆ ನಾ ಹೇಳಾಂವನ” ಎಂದರು.

ನಾನು ಹೊರಗೆ ಬಂದು “ಸಣ್ಣ ಹುಣ್ಣು” ಎಂದೆ. ಆದರೆ ಎದೆ ಕೇಳಬೇಕಲ್ಲ? ಕೊಂಬಿನಿಂದ ಹಾಯುತ್ತದೆ ಎಂದು ಹೆದರಿ ಅವಳ ಎಮ್ಮೆಯನ್ನು ಅವಳಿಗೆ ಕೇಳದೆ ಮಾರಿದವನು ನಾನು. ಅವಳು ಆ ಸಿಟ್ಟಿನಲ್ಲೇ ಹೋಗಿಬಿಟ್ಟರೆ? ಮರುದಿನ ಬೆಳಿಗ್ಗೆ ಕೈಮುಗಿದು, “ತಪ್ಪಾಗಿದ್ರ ಕ್ಷಮಾ ಮಾಡು” ಎಂದೆ.

ಜೈನರಾದ ನಾವು ಹಾಗೆ ಕೇಳುವುದು ಭಾದ್ರಪದದಲ್ಲಿ, ಪರ್ಯುಷಣ ಮುಗಿದ ಮೇಲೆ. ವರ್ಷದ ತಪ್ಪಿಗೆಲ್ಲ ಒಂದೇ ಸಲ. ಅವಳು ನನ್ನ ಮುಖ ನೋಡಿದಳು. “ಇನ್ನೂ ನಾಕ ತಿಂಗಳ ಐತಿ. ಈಗ್ಯಾಕ? ನಾ ಸಾಯಾಕತ್ತೇನೇನ?”

ನಾನು ಅತ್ತುಬಿಟ್ಟೆ. ಅವಳು ಸೀರೆ ಬದಲಿಸಿ ಆಸ್ಪತ್ರೆಗೆ ಹೊರಟಳು.

“ಕೊಯ್ಸಿದ್ರ ಏನ, ಬಿಟ್ರ ಏನ? ನನಗ ಹೇಳ್ರಿ” ಎಂದಳು. ಡಾಕ್ಟರು ಮುಚ್ಚಿಡಲಿಲ್ಲ. ಬಿಟ್ಟರೆ ಔಷಧದ ಮೇಲೆ ಕೆಲವು ತಿಂಗಳು. ಕೊಯ್ದರೆ ಲಿವರಿನ ಮುಕ್ಕಾಲು ಹೋಗುತ್ತದೆ. ಉಳಿದದ್ದು ಕೂಳೆ ಕಬ್ಬಿನಂತೆ ಮತ್ತೆ ಬೆಳೆಯಬೇಕು. ಬೆಳೆಯದಿದ್ದರೆ, ರಕ್ತ ನಿಲ್ಲದಿದ್ದರೆ, ಟೇಬಲ್ಲಿನ ಮೇಲೇ ಮುಗಿಯಬಹುದು. ಗೆದ್ದರೂ ಗಡ್ಡೆ ಮರಳಿ ಬರಬಹುದು. ಆದರೆ ವರ್ಷಗಳು ಸಿಗಬಹುದು.

“ಕೊಯ್ರಿ” ಎಂದಳು. “ಮೊದಲ ಇವರಿಗೊಂದ ನಿದ್ದಿ ಗುಳಿಗಿ ಕೊಡ್ರಿ.”

ಒಂಬತ್ತು ತಾಸು. ಹನ್ನೊಂದು ದಿನ ಐಸಿಯು. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ಆಮೇಲೆ ನಿಧಾನವಾಗಿ ಇಳಿಯಿತು. ಈ ವರ್ಷ ಮೊಮ್ಮಗಳು ಬ್ರಾಹ್ಮಿಯ ಮದುವೆಯಲ್ಲಿ ಹೋಳಿಗೆಗೆ ಕಣಕ ನಾದಿದವಳು ಅವಳೇ.

ಹೋದ ವಾರದ ಸ್ಕ್ಯಾನಿನಲ್ಲಿ ಸಣ್ಣ ಚುಕ್ಕೆಯೊಂದು ಕಂಡಿದೆ. ರಿಪೋರ್ಟು ತಂದವಳು ಅವಳು. ನನಗೆ ಚಹಾ ಕುಡಿಸಿ ಆಮೇಲೆ ಹೇಳಿದಳು: “ಈ ಸಲ ಕೊಯ್ಯೂದಿಲ್ಲಂತ, ಸೂಜಿ ಹಾಕಿ ಸುಡತಾರಂತ. ಹೂಂ ಅಂದ ಬಂದೇನಿ. ಸೋಮವಾರ ನೀವೂ ಬರ್ರಿ. ಅಳೂದಿದ್ರ ಇವತ್ತ ಅತ್ತ ಮುಗಸ್ರಿ.”

ಮುಗಿಸಿದ್ದೇನೆ. ಮೂರನೆಯ ಸಾಲಿನಿಂದ ಅವಳು ಕುಳಿತುಕೊಳ್ಳಿ ಎಂದು ಕೈ ಮಾಡುತ್ತಿದ್ದಾಳೆ. ಡಾಕ್ಟರೇ, ಸೋಮವಾರ ಹತ್ತಕ್ಕೆ ಎಂದಿದ್ದೀರಿ, ನಾವು ಒಂಬತ್ತಕ್ಕೇ ಬರುತ್ತೇವೆ. ಕೇಳಿಸಿಕೊಂಡ ಎಲ್ಲರಿಗೂ ಉಪಕಾರ, ನಮಸ್ಕಾರ.