ಸುದ್ದಿ ದಾಟಲಿ, ಕಿಡಿ ದಾಟದಿರಲಿ

ಒಂದು ಗಳಿಗೆ ಕಣ್ಣು ಮುಚ್ಚಿಕೊಳ್ಳಿ. ನಿದ್ದೆ ಮಾಡಿ ಎನ್ನಲಿಲ್ಲ, ಆ ಮೂಲೆಯವರು ಆಗಲೇ ಶುರು ಮಾಡಿಬಿಟ್ಟಿದ್ದಾರೆ! ಒಂದೂರು. ಆ ಊರಲ್ಲೊಬ್ಬ ಶ್ರೀಮಂತ, ಅವನದೊಂದು ಸ್ಪಿರಿಟ್ ಕಾರ್ಖಾನೆ. ಮಧ್ಯಾಹ್ನದ ಬಿಸಿಲಲ್ಲಿ ಅಲ್ಲಿನ ದೊಡ್ಡ ದೊಡ್ಡ ಟ್ಯಾಂಕುಗಳು ನೆಲ ಬಿಟ್ಟು ತೇಲುತ್ತಿರುವಂತೆ ಕಾಣುತ್ತಿದ್ದವು. ಗಾಳಿಯಲ್ಲಿ ಸಿಹಿ ವಾಸನೆ, ಮಾಗಿದ ಹಣ್ಣಿನದು. ಎಷ್ಟು ಚೆಂದ, ಅಲ್ಲವೇ? ಆದರೆ ನೋಡಿ, ಆ ಸಿಹಿಯೇ ಬೆಂಕಿ. ಕಣ್ಣಿಗೆ ಕಾಣದ ಆವಿ, ಒಂದು ಕಿಡಿ ಸಾಕು. ಅದಕ್ಕೇ ಅಲ್ಲಿ ಬಡಿದರೆ ಕಿಡಿ ಹಾರಿಸುವ ಕಬ್ಬಿಣದ ಸ್ಪ್ಯಾನರ್ ಕೂಡ ಮುಟ್ಟುವಂತಿಲ್ಲ, ಸಲಕರಣೆಯೆಲ್ಲ ಹಿತ್ತಾಳೆಯದು.

ಶ್ರೀಮಂತನ ಮಗ ಟ್ಯಾಂಕುಗಳ ಬಳಿ ಕೆಲಸ ನೋಡಿಕೊಳ್ಳುತ್ತಿದ್ದ. ಸೊಸೆ ಇಂಜಿನಿಯರ್, ಗಾಜಿನ ಕಿಟಕಿಯ ಕಂಟ್ರೋಲ್ ರೂಮಿನಲ್ಲಿ ಮೈಕ್ ಮುಂದೆ ಕೂತಿರುತ್ತಿದ್ದಳು. ಅಪ್ಪ ಮಗನಿಗೆ ಮಾತಿಲ್ಲ. ಏನಿದ್ದರೂ ಅವಳ ಮೂಲಕವೇ.

"ಆ ದಂಡಪಿಂಡಕ್ಕೆ ಹೇಳು, ಮೂರನೇ ಟ್ಯಾಂಕಿನ ವಾಲ್ವ್ ಸೋರ್ತಿದೆ, ಕಣ್ಣು ಕಾಣ್ಸಲ್ವಾ ಅಂತ!" ಎಂದ ಒಂದು ದಿನ ಅಪ್ಪ.

ಸೊಸೆ ಮೈಕಿನಲ್ಲಿ, "ರೀ, ಮೂರನೇ ಟ್ಯಾಂಕಿನ ವಾಲ್ವ್ ಸೋರ್ತಿದೆಯಂತೆ, ಒಂಚೂರು ನೋಡಿ" ಎಂದಳು.

ಮಾವನಿಗೆ ಉರಿದುಹೋಯಿತು. "ನಾನು ಹೇಳಿದ್ರಲ್ಲಿ ಅರ್ಧ ಎಲ್ಲಿ ಹೋಯ್ತು?"

ಸೊಸೆ ನಕ್ಕು, ಗೋಡೆಯ ಪೆಟ್ಟಿಗೆ ತೆರೆದು ಒಂದು ಪುಟ್ಟ ಡಬ್ಬಿ ತೋರಿಸಿದಳು. "ಇದು ಐಸೊಲೇಟರ್ ಮಾವ. ಟ್ಯಾಂಕಲ್ಲಿ ಎಷ್ಟಿದೆ ಅನ್ನೋ ಸುದ್ದಿ ತಂತೀಲಿ ಬರೋದು ಇದರ ಮೂಲಕಾನೇ. ಇದಕ್ಕೆ ಅಂತ ಬೇರೆ ಕರೆಂಟಿಲ್ಲ, ಸುದ್ದಿ ತರೋ ಕರೆಂಟಲ್ಲೇ ಚೂರು ತಗೊಂಡು ಬದುಕುತ್ತೆ. ಒಳಗೆ ಆ ಕಡೆ ತಂತಿ ಈ ಕಡೆ ತಂತಿ ಮುಟ್ಟೋದೇ ಇಲ್ಲ. ಸುದ್ದಿ ದಾಟುತ್ತೆ. ಇಲ್ಲೇನಾದ್ರೂ ಕೆಟ್ಟು ಜೋರು ಕರೆಂಟ್ ನುಗ್ಗಿದ್ರೆ, ಅದನ್ನ ಮಾತ್ರ ಟ್ಯಾಂಕಿನ ಕಡೆ ಬಿಡಲ್ಲ."

"ಡಬ್ಬಿ ಕಥೆ ಬೇಡ ನಂಗೆ!" ಶ್ರೀಮಂತ ಮೈಕ್ ಕಿತ್ತುಕೊಂಡ. ಕೆಲಸಗಾರರೆಲ್ಲರಿಗೂ ಕೇಳುವಂತೆ ಮಗನ ಮಾನ ಹರಾಜು ಹಾಕಿದ.

ಆಮೇಲೆ? ಆಮೇಲೆ ಎಲ್ಲವೂ ಕನಸಿನಲ್ಲಿ ನಡೆದ ಹಾಗೆ, ನಿಧಾನವಾಗಿ, ಸದ್ದಿಲ್ಲದೆ. ಗಾಜಿನಾಚೆ ಮಗ ತಿರುಗಿ ನಿಂತ. ಕೋಪಕ್ಕೆ ಕಣ್ಣಿರುತ್ತದೆಯೇ? ಬೇಲಿಯಾಚೆಯ ಲಾರಿಯಿಂದ ಕಬ್ಬಿಣದ ಸ್ಪ್ಯಾನರ್ ಎಳೆದುಕೊಂಡು ಬಂದ, ಸೋರುವ ವಾಲ್ವಿಗೆ ಬಡಿಯಲು ಎತ್ತಿದ.

ಅಪ್ಪನ ಬಾಯಿಗೆ ಬಂದದ್ದು, "ಎಸಿಯೋ ಅದನ್ನ, ಮುಠ್ಠಾಳ!" ಎಸೆದರೆ? ಕಬ್ಬಿಣ ಸಿಮೆಂಟು ನೆಲಕ್ಕೆ ಅಪ್ಪಳಿಸಿದರೆ? ನೀವೇ ಹೇಳಿ! ಆದರೆ ಆ ಮಾತು ದಾಟುವ ಮೊದಲೇ ಸೊಸೆ ಮೈಕಿಗೆ ಅಂಗೈ ಅಡ್ಡ ಹಿಡಿದಳು. ಮೆಲ್ಲಗೆ ಅದನ್ನು ತನ್ನತ್ತ ಎಳೆದುಕೊಂಡಳು.

"ರೀ, ಅದನ್ನ ಹಾಗೇ ಗಟ್ಟಿಯಾಗಿ ಹಿಡ್ಕೊಂಡು ಆಚೆ ನಡೀರಿ. ನಿಮಗೇನಾದ್ರೂ ಆಗ್ಬಿಡತ್ತೆ ಅಂತ ಮಾವ ಹೆದರ್ಕೊಂಡಿದ್ದಾರೆ."

ಮಗ ನಿದ್ದೆಯಿಂದ ಎದ್ದವನಂತೆ ತನ್ನ ಕೈ ನೋಡಿಕೊಂಡ. ಕಿಟಕಿಯತ್ತ ನೋಡಿದ. ಮಲಗಿದ ಕೂಸನ್ನು ಒಯ್ಯುವಂತೆ ಆ ಕಬ್ಬಿಣವನ್ನು ಎದೆಗೊತ್ತಿಕೊಂಡು ಬೇಲಿಯಾಚೆ ನಡೆದುಹೋದ.

ಅಪ್ಪ ಸೊಸೆಯತ್ತ ತಿರುಗಿದ. "ನಾನು ಹಾಗೆ ಹೇಳ್ಲಿಲ್ವಲ್ಲಮ್ಮ."

"ಹೇಳ್ಲಿಲ್ಲ ಮಾವ. ಆದ್ರೆ ಒಳಗಿದ್ದದ್ದು ಅದೇ ಅಲ್ವಾ?"

ಈಗ ನಿಮ್ಮ ಮನೆಗೆ ಬರುತ್ತೇನೆ. ಗಾಬರಿ ಬೇಡ, ಊಟಕ್ಕಲ್ಲ. ಅಮ್ಮ ಅಂದದ್ದನ್ನು ಹೆಂಡತಿಗೆ, ಹೆಂಡತಿ ಅಂದದ್ದನ್ನು ಅಮ್ಮನಿಗೆ ದಾಟಿಸುವವರು ನೀವೇ. ಹೇಗೆ ದಾಟಿಸುತ್ತೀರಿ? ಉಪ್ಪು ಖಾರ ಹಚ್ಚಿ ತಾನೇ? ಸಾರಿಗೆ ಹುಳಿ ಹೆಚ್ಚಾಗಿದೆ ಎಂದಷ್ಟೇ ಹೇಳಿ, ಅಮ್ಮ ಮುಖ ಸಿಂಡರಿಸಿದ್ದು ನಿಮ್ಮಲ್ಲೇ ಉಳಿಯಲಿ. ಉಳಿದರೆ ಸುಡುತ್ತದೆಯೇ? ಸುಡಲಿ ಸ್ವಲ್ಪ. ನಡುವೆ ನಿಂತವರ ಕೆಲಸವೇ ಅದು.

ಮಗಳು ತಡವಾಗಿ ಬಂದರೆ ಬಾಗಿಲಲ್ಲೇ, "ಎಲ್ಲಿ ಹಾಳಾಗಿ ಹೋಗಿದ್ದೆ?" ಎನ್ನುತ್ತೀರಲ್ಲ, ನಿಜ ಹೇಳಿ, ಅಲ್ಲಿಯತನಕ ನಿಮ್ಮ ಎದೆಯೊಳಗಿದ್ದದ್ದು ಆ ಮಾತೇನಾ? "ಬಂದ್ಯಾ ಮಗಳೇ, ಭಯ ಆಗಿತ್ತು ಕಣೇ" ಎಂಬುದಲ್ಲವೇ? ಇವತ್ತು ಅದನ್ನೇ ಹೇಳಿ.