ಬೇರು ಮುಚ್ಚುವವಳು

ಸಂಜೆಗೆ ಮಳೆ ಹಿಡಿಯಿತು, ಅಫಜಲಪುರದ ಬಸ್ಸೂ ತಪ್ಪಿತು. ನಿಂಬೆಕಾಯಿ ಕೀಳಲು ಬಂದ ಹೆಂಗಸರೆಲ್ಲ ಮುದುಕಿ ಗುರಮ್ಮನ ತೋಟದ ತಗಡಿನ ಖೋಲಿಯೊಳಗೆ ಸೇರಿಕೊಂಡರು. ಪಕ್ಕದ ಹೊಲದ ಸುಭದ್ರಾಬಾಯಿಯೂ ಸೊಸೆ ಇಂದುಬಾಯಿಯನ್ನು ಮುಂದೆ ನೂಕಿಕೊಂಡು ಒಳಗೆ ಬಂದಳು. ಯಾರೋ ಚಹಾ ಕೊಟ್ಟರು. ಇಂದುಬಾಯಿ ಕೈ ಚಾಚಿದಳು. ಅತ್ತೆ ಆ ಕೈ ಸರಿಸಿದಳು.

"ಅಕಿಗೆ ಬ್ಯಾಡ. ಮದುವ್ಯಾಗಿ ನಾಕು ವರ್ಷ ಆತು, ಹೊಟ್ಟಿ ತೆರದಿಲ್ಲ. ವ್ರತ ಹಿಡಿಸೀನಿ. ಒಪ್ಪತ್ತು ಊಟ, ಹೊತ್ತು ಮುಣಗಿದ ಮ್ಯಾಲ ಹನಿ ನೀರಿಲ್ಲ."

ತಗಡಿನ ಅಂಚಿನಿಂದ ನೀರು ಧೋ ಎಂದು ಬೀಳುತ್ತಿತ್ತು. ಇಂದುಬಾಯಿ ಅದನ್ನೇ ನೋಡುತ್ತ ಉಗುಳು ನುಂಗಿದಳು. ಗುರಮ್ಮ ಎಲೆ ಅಡಿಕೆಯ ಚೀಲವನ್ನು ನೆಲಕ್ಕೆ ಬಡಿದಳು.

"ಕುಂದರ್ರಿ ಎಲ್ಲಾರೂ. ಈ ತೋಟದ ಕತಿ ಹೇಳ್ತೇನಿ… ಇದನ್ನ ಹಾಕಿಸಿದಾಕಿ ನಮ್ಮತ್ತಿ ಗೌರಾಬಾಯಿ. ತಾನೇ ಹಗ್ಗ ಹಿಡದು ಸಾಲು ಬಡದಾಕಿ. ನಡುವ ನಿಂಬಿ, ಬದುವಿಗೆ ಪೇರಲ. ಮಳಿಗಾಲಕ್ಕ ಗುಲಬಕ್ಷಿ, ಥಂಡಿಗೆ ಸೇವಂತಿ, ಬ್ಯಾಸಗಿಗೆ ಕಾಲಿವಿ ದಂಡಿಗುಂಟ ಮಲ್ಲಿಗಿ… ಯಾವ ಕಾಲಕ್ಕೂ ತೋಟ ಬರಿಗೈಲೆ ನಿಲ್ಲಬಾರದು ಅಕಿಗೆ. ನಿಂಬಿ ಬ್ಯಾಸಗ್ಯಾಗ ಕಾಯಿ ಕೊಡಬೇಕಂದ್ರ ಏನ್ ಮಾಡ್ತಾರ? ಮಳಿ ನಿಂತ ಮ್ಯಾಲ ನೀರು ಬಂದ್ ಮಾಡ್ತಾರ, ಬುಡ ಕೆದರಿ ಬೇರು ಬಿಸಲಿಗೆ ಒಡ್ಡತಾರ. ಗಿಡಕ್ಕ ಸಾವಿನ ಅಂಜಿಕಿ ಹತ್ತಬೇಕು! ಆಮ್ಯಾಲ ನೀರು ಬಿಟ್ರ ಮೈತುಂಬ ಹೂ. ಬಹಾರ ಹಿಡಿಯೋದು ಅಂತಾರ ಅದಕ್ಕ.

ಬಹಾರ ಗಿಡಕ್ಕ ಹಿಡೀಬೇಕು. ನಮ್ಮತ್ತಿ ಸೊಸಿಗೂ ಹಿಡದ್ಳು… 'ಗಿಡ ಕೊಡ್ತದ, ಇಕಿ ಯಾಕ ಕೊಡಂಗಿಲ್ಲ?' ಅಂದ್ಳಂತ. ಆ ಸೊಸಿ ಕಸ್ತೂರಬಾಯಿ, ನನ್ನ ಗಂಡನ ಮೊದಲನೇ ಹೇಣ್ತಿ. ವ್ರತ ಅಂತ ಹೇಳಿ ಇದೇ ಖೋಲ್ಯಾಗ ಕೂಡಿ ಹಾಕಿದ್ರು. ಒಂದಿನ ಕದ ಮುರಕೊಂಡು ಹೊರಗ ಬಂದು ಕಾಲಿವಿಗೆ ಬಾಯಿ ಹಚ್ಯಾಳ. ಕಾಲಿವ್ಯಾಗ ನೀರೆಲ್ಲಿದು? ಬಹಾರಕ್ಕಂತ ಬಂದ್ ಮಾಡಿದ್ರಲ್ಲ! ಒಣ ಮಣ್ಣು ಕೆದರಿ ಕೆದರಿ ಅಲ್ಲೇ ಸತ್ಳು. ಉಗುರು ತುಂಬ ಮಣ್ಣು, ಬಾಯಿ ತುಂಬ ಮಣ್ಣು… ತೋಟದಾಳು ಬೀರಣ್ಣ ನೋಡಿದಾಂವ, ಅವನೇ ನನಗ ಹೇಳಿದ್ದು. ಊರಿಗೆ ಏನಂದ್ರು? ಹಾವು ಕಡೀತು ಅಂದ್ರು. ಊರು ಹೂಂ ಅಂತು, ದಿವಸದ ಊಟ ಉಂಡು ಹೋತು.

ಆಮ್ಯಾಲ ನನ್ನ ತಂದ್ರು. ನನಗೂ ಬಸರು ನಿಲ್ಲಲಿಲ್ಲ, ನನಗೂ ವ್ರತ. ಆ ಸಲ ಬೀರಣ್ಣ ಹಗಲೆಲ್ಲ ಬುಡ ಬಿಚ್ಚಾಂವ… ಮುಂಜಾನಿ ನೋಡಿದ್ರ ಬೇರೆಲ್ಲ ಮುಚ್ಚಿರ್ತಿದ್ವು. ಸಲಿಕಿಲೆ ಅಲ್ಲ, ಕೈಲೆ! ತಟ್ಟಿದ ಬೆರಳಿನ ಗುರುತು ಎದ್ದು ಕಾಣತಿದ್ವು. ಮಣ್ಣು ಹಸಿ, ಕಾಲಿವಿ ಒಣಾ ಒಣಾ. 'ಬೀರ್ಯಾ, ನನ್ನ ತೋಟ ಹಾಳ ಮಾಡಾಕತ್ತೀಯೇನಲೇ!' ಅಂತ ಬೈದು, ನಮ್ಮತ್ತಿ ತಾನೇ ಬಡಿಗಿ ಹಿಡಕೊಂಡು ಕಾಯಾಕ ಕುಂತ್ಳು.

ಮುಂಜಾನಿ ಏನ್ ಕಂಡೇವಿ? ನಿಂಬಿ ಸಾಲಿನಾಗ ನಿಂತಾಳ ಅತ್ತಿ… ಮೊಣಕಾಲ ತನಕ ಮಣ್ಣಾಗ ನೆಟ್ಟಾರ. ಸುತ್ತ ಪಾತಿ ಕಟ್ಟ್ಯಾರ, ಸಸಿಗೆ ಕಟ್ಟಿದಂಗ! ಎಳದು ಮನಿಗೆ ತಂದೇವಿ. 'ನೀರು, ನೀರು' ಅಂತಾಳ. ಕುಡಿಸಿದ್ರ ಒಂದ ಹನಿ ಗಂಟಲದಾಗ ಇಳೀವಲ್ದು. ತುಂಬಿದ ಕೊಡ ಎದುರಿಗೆ ಇಟ್ಟಗೊಂಡು ಒಣಗಿ ಒಣಗಿ ಸತ್ಳು. ನಾ ಅಳಲಿಲ್ಲ. ಯಾಕ ಅಳ್ಲಿ?"

ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತರು. ಸುಭದ್ರಾಬಾಯಿ ಮಾತ್ರ ನಕ್ಕಳು. "ಮಂದಿ ಅಂಜಸಾಕ ಇಂಥಾವು ನೂರು ಅದಾವ ಬಿಡ್ರಿ. ವ್ರತ ಮುಗಿಯೂತನ ನಾ ಇಕಿನ್ನ ಬಿಡಾಂಗಿಲ್ಲ."

ಗುರಮ್ಮ ಇಂದುಬಾಯಿಯ ಕಡೆ ತಿರುಗಿದಳು. "ತಂಗಿ, ನೀರಡಿಸಿ ಮಲಗ್ತಿ. ಎಚ್ಚರಾದಾಗ ತಲಿದಿಂಬಿನ ಕಡಿ ನೀರು ತುಂಬಿದ ಚರಗಿ ಇರ್ತದಲ್ಲ… ಯಾರು ಇಡ್ತಾರ?"

ಇಂದುಬಾಯಿ ತಟ್ಟನೆ ತಲೆಯೆತ್ತಿದಳು. ಅದನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. "ಕೆಲಸದ ಬಾಳಮ್ಮ… ಇರಬೇಕ್ರಿ."

"ಬಾಳಮ್ಮ ಪಂಚಮಿಗೆ ಹೋದಾಕಿ ಇನ್ನೂ ತವರಾಗ ಕುಂತಾಳ. ಚರಗಿ ಕಂಠಕ್ಕ ಮಣ್ಣು ಹತ್ತಿರ್ತದ, ಹೌದಿಲ್ಲೋ? ಕಸ್ತೂರಬಾಯಿ ನನಗೂ ಹಂಗ ಇಡ್ತಿದ್ಳು."

ಇಂದುಬಾಯಿ ತಲೆಯಾಡಿಸಿದಳು. ಸುಭದ್ರಾಬಾಯಿ ಸೀರೆಯನ್ನು ಪಾದದ ಮೇಲೆ ಸರಕ್ಕನೆ ಎಳೆದುಕೊಂಡಳು.

"ಮುಚ್ಚಬ್ಯಾಡ್ರಿ ಬಾಯಾರ," ಎಂದಳು ಗುರಮ್ಮ. "ಮುಂಜಾನಿ ಹಾಸಗಿ ಬಿಟ್ಟು ಏಳೂವಾಗ ಕಾಲಿಗೆ ಹಸಿ ಮಣ್ಣು ಮೆತ್ತಿರ್ತದಲ್ಲ… ಇವತ್ತ ಎಲ್ಲೀ ತನಕ ಏರಿತ್ತು?"