ತಿಮ್ಮನ ಎದೆ ಗಟ್ಟಿಯಿದೆ

ಅಂಕೋಲೆಯ ಬಸ್‌ ನಿಲ್ದಾಣದಲ್ಲಿ ಕೂತಿದ್ದ ಪ್ರೇಕ್ಷಾಳ ಪಕ್ಕಕ್ಕೆ, ಕಾರವಾರದ ಆಸ್ಪತ್ರೆಯಿಂದ ಬಂದ ಅಕ್ಕತಂಗಿಯರಿಬ್ಬರು ಕೂತರು. ಅಕ್ಕ ಸೋಮಿಯ ತುಟಿ ಒಡೆದು ಬಾತಿತ್ತು.

“ನಾ ಹೊರಗೇ ಕೂತಿದ್ದೆ. ಭಾವನ ಎದೆಗೆ ಡಾಕ್ಟರು ಎಂತ ಅಂದ್ರು?” ತಂಗಿ ಕೇಳಿದಳು.

“ಹತ್ತು ವರ್ಷದ ಹಿಂದೆ ತೊಡೆಯಿಂದ ನಳಿಗೆ ತೂರ್ಸಿ, ಸ್ಪಿರಿಟ್ ಬಿಟ್ಟು, ಎದೆಯೊಳಗೆ ದಪ್ಪ ಆದ ಮಾಂಸ ಸುಟ್ಟಿದ್ರಲ್ಲೆ? ಅದು ಈಗ್ಲೂ ಚಲೋ ಉಂಟಂತೆ. ಗದ್ದೆನೂ ಹೂಡ್ಲಕ್ಕಂತೆ.”

“ಸಿಟ್ಟು ಬಂದ್ರೆ ಎದೆ ಒಡೀತದೆ ಅಂದಿದ್ರಲ್ಲ?”

“ಅದು ಸುಡೂಕೆ ಮುಂಚೆ ಹೇಳಿದ್ದಂತೆ. ನಾವೇ ಇಷ್ಟು ವರ್ಷ ಹಿಡ್ಕಂಡು ಕೂತದ್ದು.”

“ಅಂದ್ರೆ ನೀನು ಸುಮ್ಮನೆ ಹೊಡ್ತ ತಿಂದ್ಯನೇ?”

“ತಿರುಗಿ ಕೈ ಎತ್ತಿದ್ರೆ ಅಂವ ಸಾಯ್ತಾ ಅಂತ ಮಾಡಿದ್ದೆ.”

ಅಷ್ಟರಲ್ಲಿ ಚಾ ಕುಡಿದು ಬಂದ ಗಂಡ ತಿಮ್ಮ, “ಎಂತದೇ ಗುಸುಗುಸು?” ಎಂದು ಸೋಮಿಯ ತುರುಬಿಗೆ ಕೈ ಹಾಕಿದ. ಅವಳು ಎದ್ದು ಆ ಕೈ ಹಿಡಿದು ಬೆನ್ನ ಹಿಂದಕ್ಕೆ ತಿರುಚಿದಳು. ಕಟಕ್ಕೆಂದಿತು. ತಿಮ್ಮ ಕೂಗುತ್ತ ಬಾಗಿದ.

“ಅಕ್ಕಾ, ಎದೆ!”

“ಎದೆಗೆ ಎಂತ ಆಗೂದಿಲ್ಲ. ಡಾಕ್ಟರೇ ಹೇಳಿದ್ರು.”

ಪ್ರೇಕ್ಷಾ ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟಳು. ಸೋಮಿ ಹಿಡಿದ ಕೈ ಬಿಡದೆ, ಗಂಡನನ್ನು ಮುಂದೆ ತಳ್ಳಿಕೊಂಡು ತಮ್ಮೂರು ಬೆಳಂಬಾರದ ಬಸ್ಸು ಹತ್ತಿದಳು.